ಏಳನೆಯ ಸೊಪ್ಪು

ಇಪ್ಪತ್ತೆರಡು ವರ್ಷ ನನ್ನ ಬೆಳಗಿನ ತಿಂಡಿ
ಒಂದು ಸಿಗರೇಟು, ಎರಡು ಕಾಫಿ,
ಗೋರಿಸ್‌ನಿಂದ ಯೆರೆವಾನ್‌ಗೆ ಹೊರಡುವ ವ್ಯಾನಿನ ಹೊಗೆ.
ಡಾಕ್ಟರಮ್ಮ ರಕ್ತದ ಚೀಟಿ ನೋಡಿ
ಬೈಯಲಿಲ್ಲ. ಅದಕ್ಕೇ ಭಯವಾಯಿತು.
'ಹ್ರಾಚಿಕ್, ಮನೆಯಲ್ಲಿ ತಿನ್ನು' ಅಂದರು, ಅಷ್ಟೆ.

ಮನೆಯಲ್ಲಿ ಏನಿತ್ತು?
ಒಂದು ಚಾಕು, ಉಪ್ಪಿನ ಡಬ್ಬಿ,
ಹೋದ ವರ್ಷದ ಉಪ್ಪಿನಕಾಯಿಯ ಬಾಟಲಿಯಲ್ಲಿ
ಬರೀ ಅದರ ನೀರು.

ಕೆಳಗಿನ ಮನೆಗೆ ಅರೆವ್‌ಹತ್ ಬಂದಿದ್ದರು,
ಗುಡ್ಡದಾಚೆಯಿಂದ, ಆ ಸೆಪ್ಟೆಂಬರಿನಲ್ಲಿ,
ಎರಡು ದಿನ ತೆವಳಿದ ಕಾರುಗಳ ಸಾಲಿನಲ್ಲಿ.
ತಂದದ್ದು: ಮಗಳು, ಮಗಳ ಬೆಕ್ಕು, ಒಂದು ಲಟ್ಟಣಿಗೆ.
'ಲಟ್ಟಣಿಗೆ ಯಾಕೆ?' ಅಂತ ಕೇಳಿದ್ದೆ ಒಮ್ಮೆ.
'ಕೈಯಲ್ಲಿತ್ತು' ಅಂದರು.

ಏಪ್ರಿಲ್‌ನಲ್ಲಿ ಹಿಮ ಕರಗಿದ ಇಳಿಜಾರಿಗೆ
ಪ್ಲಾಸ್ಟಿಕ್ ಚೀಲ ಹಿಡಿದು ಹೊರಟರು. ನಾನೂ ಹಿಂದೆ,
ಮಂಡಿ ನೋವಿಗೆ ಬೈಯುತ್ತ.
ತುರಚಿಯನ್ನು ಬರಿಗೈಲಿ ಕಿತ್ತರು; ನಾನು ಕಿತ್ತು
ಇಡೀ ದಿನ ಸ್ಟೀರಿಂಗಿಗೆ ಅಂಗೈ ಉಜ್ಜಿದೆ.
ಹುಳಿಸೊಪ್ಪು, ಸಬ್ಬಸಿಗೆ, ಕಾಡು ಬೆಳ್ಳುಳ್ಳಿಯ ಎಲೆ,
ಕೊತ್ತಂಬರಿ ಮಾತ್ರ ಸಂತೆಯದು,
ಹೆಸರು ಹೇಳಿದರೂ ನನಗೆ ನಿಲ್ಲದ ಇನ್ನೊಂದು.
'ಆರು' ಅಂದರು. ಮತ್ತೆ ಎಣಿಸಿದರು. ಆರೇ.

ಹಿಟ್ಟಿಗೆ ನೀರು, ಉಪ್ಪು.
ಹುದುಗಿಲ್ಲ, ಮೊಟ್ಟೆಯಿಲ್ಲ, ಅವಸರವೂ ಇಲ್ಲ.
ಕಣಕ ತೆಳು, ಹೂರಣ ಬೆಟ್ಟ.
ಅಂಚು ಎರಡನ್ನೂ ತಂದು ಚಿವುಟಿ ಚಿವುಟಿ ಮುಚ್ಚಿದರೆ
ಹಳೆಯ ಗಾಯದ ಹೊಲಿಗೆಯ ಹಾಗೆ ಒಂದು ಗೆರೆ.
ಕಾದ ಹೆಂಚಿಗೆ ಎಣ್ಣೆ ಹಾಕಲು ಹೋದೆ,
ಕೈಗೆ ಒಂದೇಟು ಬಿತ್ತು.
ಎರಡೂ ಮಗ್ಗುಲಿಗೆ ಕಪ್ಪು ಚುಕ್ಕೆ ಬಂದಾಗ
ಅಡುಗೆಮನೆಯಲ್ಲಿ ಹಸಿರು ಬೆಂದ ವಾಸನೆ.

ಜೊತೆಗೆ ತಾನ್. ಮೊಸರು, ತಣ್ಣೀರು, ಉಪ್ಪು,
ಪುದೀನ ಇದ್ದರೆ ಪುದೀನ, ಇಲ್ಲದಿದ್ದರೆ ಇಲ್ಲ.
ಒಂದೇ ಗುಟುಕಿಗೆ ಕುಡಿದು ಮೀಸೆ ಒರೆಸಿಕೊಂಡೆ.
ಹೊಟ್ಟೆಗೆ ಆಶ್ಚರ್ಯವಾಗಿರಬೇಕು.

'ಒಣಗಿಸಿಟ್ಟರೆ ಚಳಿಗಾಲಕ್ಕೂ ಆಗುತ್ತಲ್ಲ?'
'ಒಣಗಿದ್ದು ಔಷಧಿ' ಅಂದರು, 'ಇದು ಊಟ.
ಜೂನಿಗೆ ಎಲೆ ಬಲಿಯುತ್ತೆ. ಅಲ್ಲಿಗೆ ಮುಗೀತು.'

ಏಳನೆಯದನ್ನು ಆಮೇಲೆ ಹೇಳಿದರು, ಪಾತ್ರೆ ತೊಳೆಯುತ್ತ.
ಎಲೆ ಚಿಕ್ಕದು, ಅಡಿಭಾಗ ನೇರಳೆ,
ಉಜ್ಜಿದರೆ ಹೊಸ ಬೆಂಕಿಪೊಟ್ಟಣದ ವಾಸನೆ.
ಅವರೂರಿನವರು ಕರೆಯುವ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.
ಮನೆಯ ಹಿಂದಿನ ಕಲ್ಲುಗೋಡೆಯಲ್ಲಿ ಬೆಳೆಯುತ್ತಿತ್ತಂತೆ,
ನೀರು ಕೂಡ ಹಾಕುತ್ತಿರಲಿಲ್ಲವಂತೆ.

ಟಿಕೆಟ್ಟಿನ ಬೆನ್ನಿಗೆ ಆ ಎಲೆ ಬರೆದು
ಕನ್ನಡಿಗೆ ಸಿಕ್ಕಿಸಿದೆ.
ನನ್ನ ಚಿತ್ರ ನೋಡಿ ಒಬ್ಬ ಸೈನಿಕ ಕೇಳಿದ:
'ಮೀನಾ?'
ಆದರೂ ತಂದುಕೊಟ್ಟರು ಜನ. ಸಿಸಿಯಾನಿನ ಮೇಷ್ಟ್ರು,
ಹಲ್ಲಿಲ್ಲದ ಒಬ್ಬಳು ದಾದಿ, ಮದುವೆಗೆ ಹೊರಟ ಬಳಗ:
ಕಾಗದದಲ್ಲಿ, ಕರವಸ್ತ್ರದಲ್ಲಿ, ಜೇಬಿನ ಧೂಳಿನಲ್ಲಿ
ಇಡೀ ಜಿಲ್ಲೆಯ ಕಳೆ ನನ್ನ ವ್ಯಾನಿನಲ್ಲಿ.

ಅರೆವ್‌ಹತ್ ಒಂದೊಂದನ್ನೂ ಉಜ್ಜಿ ಮೂಸಿದರು.
ಅಲ್ಲ. ಅಲ್ಲ. ಇದು ದನಕ್ಕೆ. ಅಲ್ಲ.
ದಾದಿ ತಂದಿದ್ದನ್ನು ಮಾತ್ರ ಸ್ವಲ್ಪ ಹೊತ್ತು ಹಿಡಿದುಕೊಂಡರು.
'ಇದೂ ಅಲ್ಲ' ಅಂದರು.
ಆಮೇಲೆ ಅದನ್ನೇ ಹೆಚ್ಚಿ ಉಳಿದದ್ದರೊಳಗೆ ಬೆರೆಸಿದರು.

ಮಗಳು ನಾರೆ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು,
ಬೆರಳು ಮಡಚಿ ಎಣಿಸಿದಳು: 'ಏಳು!'
ತಾಯಿ ರೊಟ್ಟಿ ಮಗುಚಿದರು.
ತಿದ್ದಲಿಲ್ಲ.

ಸಕ್ಕರೆ ಇಳಿಯಿತಾ? ಇಳಿದಿದೆ, ಒಂದಿಷ್ಟು.
ಸಿಗರೇಟಾ? ಅದೊಂದು ಕೇಳಬೇಡಿ.
ಹತ್ತಿ, ಹತ್ತಿ, ಆರು ಗಂಟೆಗೆ ಸರಿಯಾಗಿ ಹೊರಡುತ್ತೆ.
ಆ ತಾನ್ ಬಾಟಲಿಯ ಮುಚ್ಚಳ ಬಿಗಿ ಮಾಡಿ, ತಾತಾ,
ಮುಂದಿನ ತಿರುವಿನಲ್ಲಿ ಗುಂಡಿಯಿದೆ.