ಮರಿ ಹಿಡಿಯುವವರು

ಹೆಣ್ಗುದುರೆ ಹಸುವಿನ ಹಾಗಲ್ಲ.
ಮರಿಯ ಮೂತಿ ತೊಡೆಗೆ ತಾಗುತ್ತಿರಬೇಕು,
ಇಲ್ಲವಾದರೆ ತೊರೆ ಬಿಡುವುದಿಲ್ಲ.
ಎರಡು ಗುಟುಕು ಕುಡಿಸಿ, ಎಳೆದು,
ಅಲ್ಲೇ ಪಕ್ಕಕ್ಕೆ ಒತ್ತಿ ಹಿಡಿಯಬೇಕು ಒಬ್ಬರು;
ಒಂದು ಮಂಡಿಯೂರಿ, ಇನ್ನೊಂದರ ಮೇಲೆ ಬಕೆಟ್ಟು ಇಟ್ಟು
ಕರೆಯಬೇಕು ಇನ್ನೊಬ್ಬರು.
ದಿನಕ್ಕೆ ಆರು ಸಲ, ಹುಲ್ಲುಗಾವಲಿನಿಂದ ಇಳಿಯುವವರೆಗೆ.

ಅನಾರ್‌ಕುಲ್ ಕರೆಯುತ್ತಿದ್ದಳು, ಮಗಳು ಚಿನಾರ್ ಹಿಡಿಯುತ್ತಿದ್ದಳು.
ಒಂಬತ್ತು ಕುದುರೆ.
ಹೊಗೆ ಹಿಡಿಸಿದ ತೊಗಲ ಚೀಲದಲ್ಲಿ ಕಡೆಕಡೆದು
ಹುಳಿಯಾದ ಹಾಲನ್ನು ನಾನು ಕೊಳ್ಳುತ್ತಿದ್ದೆ,
ನಲವತ್ತು ಲೀಟರಿನ ಕ್ಯಾನು, ವಾರಕ್ಕೆ ಮೂರು.
ನಾರಿನ್ ರಸ್ತೆಯ ಬದಿಯಲ್ಲಿ ಲಾರಿಯವರಿಗೆ ಮಾರುತ್ತಿದ್ದೆ.
ಆ ದುಡ್ಡಲ್ಲಿ ಅವರಿಗೆ ಚಳಿಗಾಲದ ಹಿಟ್ಟು, ಕಲ್ಲಿದ್ದಲು;
ನನಗೆ ಈ ಕಾರಿನ ಟೈರು.

ಚಿನಾರ್‌ಳನ್ನು ವಿಮಾನಕ್ಕೆ ಬಿಟ್ಟು ಬಂದವನೂ ನಾನೇ.
ಬಾಡಿಗೆ ಬೇಡ ಎನ್ನಬೇಕೆಂದಿದ್ದೆ; ಎನ್ನಲಿಲ್ಲ.
ಪೆಟ್ರೋಲಿನ ರೇಟು ಹಾಗಿತ್ತು.
ಮಾಸ್ಕೋದಲ್ಲಿ ಹದಿನಾರು ಮಹಡಿಯ ಮೆಟ್ಟಿಲು ಒರೆಸುವ ಕೆಲಸ.
ಮೊದಲ ತಿಂಗಳ ಹಣವೇ
ನಾಲ್ಕು ಕುದುರೆಯ ಇಡೀ ಬೇಸಿಗೆಗಿಂತ ಹೆಚ್ಚು.
ಅನಾರ್‌ಕುಲ್ ಎರಡು ಸಲ ಎಣಿಸಿ,
ನಂಬಿಕೆ ಸಾಲದೆ ನನಗೂ ಎಣಿಸಲು ಕೊಟ್ಟಳು.

ಪಕ್ಕದ ಡೇರೆಯ ಹುಡುಗನನ್ನು ಸಂಬಳಕ್ಕಿಟ್ಟಳು.
ಜುಲೈ ನಡುವೆ ಅವನೂ ಹೊರಟ.
ಅವನನ್ನು ಬಿಟ್ಟು ಬಂದವನೂ…
ಹೋಗಲಿ ಬಿಡಿ.

ಆಮೇಲೆ ಮರಿಯ ಹಗ್ಗವನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡು
ಒಬ್ಬಳೇ ಕರೆಯಹೋದಳು. ಕಂದು ಕುದುರೆ ಒದೆಯಿತು.
ಮಣಿಕಟ್ಟು ಎರಡು ಕಡೆ.
ಆ ತಿಂಗಳ ಮಾಸ್ಕೋ ಹಣ ಪ್ಲಾಸ್ಟರಿಗೆ ಹೋಯಿತು,
ಮುಂದಿನ ತಿಂಗಳದ್ದು ಅಂಗಡಿಗೆ.
ಅಂಗಡಿಯ ಲೆಕ್ಕದಲ್ಲಿ ಹಾಲಿನ ಪೊಟ್ಟಣವೂ ಇತ್ತು,
ಹೌದು, ಒಂಬತ್ತು ಕುದುರೆಯ ಮನೆಗೆ.
ಮೊದಲ ಹಿಮಕ್ಕೆ ಮುಂಚೆ ಸಾಸೇಜು ಮಾಡುವ ತಾಲಾಯ್ ಬಂದ.
ಹಲ್ಲು ನೋಡಲಿಲ್ಲ ಅವನು, ಹೊಟ್ಟೆಯ ಕೊಬ್ಬು ಮುಟ್ಟಿ ನೋಡಿದ.
ನಾಲ್ಕು ಹೋದವು.
ಫೋನಿನಲ್ಲಿ ಮಗಳು ಕೇಳಿದಾಗಲೆಲ್ಲ
'ಗುಡ್ಡದಾಚೆ ಮೇಯ್ತಿವೆ.'

ಕ್ಯಾನುಗಳೀಗ ನನ್ನ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿವೆ.
ಹಿಂದಿನ ಸೀಟಿನಲ್ಲಿ ಹುಡುಗರು; ಹಾಲಿಗಿಂತ ಒಳ್ಳೆಯ ಬಾಡಿಗೆ,
ಚೆಲ್ಲುವ ಭಯವಿಲ್ಲ.
ಸೀಟಿಗೆ ಹಿಡಿದ ಹುಳಿ ವಾಸನೆ ಮಾತ್ರ ಹೋಗಿಲ್ಲ.
ಕಿಟಕಿ ಇಳಿಸುತ್ತಾರೆ,
ಸ್ವಲ್ಪ ದೂರ ಹೋದ ಮೇಲೆ, ಯಾಕೋ, ಏರಿಸುತ್ತಾರೆ.

ಹೋದ ಮಂಗಳವಾರ ಅವಳಿಗೆ ಸಕ್ಕರೆ ಮೂಟೆ ಕೊಡಲು ನಿಲ್ಲಿಸಿದೆ.
'ನಿಂತು ನೋಡ್ತೀಯಲ್ಲ, ಬಾ, ಹಿಡಿ!' ಎಂದು ಕೂಗಿದಳು.
ನನ್ನ ಸೊಂಟದ ಕಥೆ ಹೇಳುವಷ್ಟರಲ್ಲಿ
ಕಾರಿನ ಬಾಗಿಲು ತೆಗೆದ ಸದ್ದು.
ಬೇಲಿ ಹಾರಿದ ಹುಡುಗ, ಹೊಸ ಜಾಕೆಟ್ಟು,
ತೋಳಲ್ಲಿ ಬೆಲೆಚೀಟಿಯ ದಾರ ಇನ್ನೂ ನೇತಾಡುತ್ತಿದೆ.
ಮರಿಯ ಕತ್ತಿನಡಿ ತೋಳು ಹಾಕಿ
ತಾಯಿಯ ಪಕ್ಕೆಗೆ ಒತ್ತಿ ನಿಂತ, ಯಾರೂ ಹೇಳಿಕೊಡದೆ.
ಕುದುರೆ ತಲೆ ತಿರುಗಿಸಿ ಮೂಸಿತು.
ಬಕೆಟ್ಟಿನ ತಳಕ್ಕೆ ಮೊದಲ ಧಾರೆಯ ಸದ್ದು.

ಐದೂ ಮುಗಿದವು.
ಹೊತ್ತಾಯಿತೆಂದು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.
ಅನಾರ್‌ಕುಲ್ ಹೇಳಿದಳು, ಬಕೆಟ್ಟಿಗೆ ಬಟ್ಟೆ ಮುಚ್ಚುತ್ತ:
'ಹೋಗು, ವಿಮಾನ ಕಾಯಲ್ಲ.'

ಘಾಟಿಯುದ್ದಕ್ಕೂ ತೋಳಿನ ಕೂದಲು ಕೊಡವುತ್ತಲೇ ಇದ್ದ.
ಪೂರ್ತಿ ಹೋಗಲಿಲ್ಲ.
ಬಾಡಿಗೆ ಪೂರ್ತಿ ತೆಗೆದುಕೊಂಡೆ.