ಚೀಟಿಯ ಬೆನ್ನು

ಜೆರಾಕ್ಸ್ ಅಂಗಡಿ ಇರುವುದು ಶಿಡ್ಲಘಟ್ಟದಲ್ಲಿ,
ಬಸ್ಸು ಬರುವುದು ಹನ್ನೊಂದಕ್ಕೆ, ಬಂದರೆ.
ಹಾಗಾಗಿ ಗೋಡೆಯಿಂದ ಹೋದ ವರ್ಷವನ್ನೇ ಇಳಿಸಿದೆ:
ರೇಷ್ಮೆ ಸಂಘದವರು ಕೊಟ್ಟ ಕ್ಯಾಲೆಂಡರು,
ಮುಂದೆ ತಾರೀಖು, ಹಿಂದೆ ಬರೀ ಬಿಳುಪು.
ಹಾಳೆಗೆ ಎರಡರಂತೆ ಕತ್ತರಿಸಿದರೆ ಇಪ್ಪತ್ತನಾಲ್ಕು ಚೀಟಿ,
ಮಕ್ಕಳು ಇಪ್ಪತ್ತಮೂರು.
ಉಳಿದ ಒಂದರಲ್ಲಿ ಪೆನ್ನು ಗೀಚಿ ನೋಡಿದೆ.

ಬರೆದೆ:
ಮಾನ್ಯ ಪೋಷಕರೇ, ಹೊಸ ವರ್ಷದ ಶುಭಾಶಯಗಳು.
ಆರನೇ ತಾರೀಖು ಕಣ್ಣಿನ ಡಾಕ್ಟರು ಬರುತ್ತಾರೆ,
ತಲೆಗೆ ಎಣ್ಣೆ ಕಡಿಮೆ ಹಚ್ಚಿ ಕಳಿಸಿ.
ಹಬ್ಬದ ಮುಂಚಿನ ಶನಿವಾರ ಅಂಗಳದಲ್ಲಿ ಮಕ್ಕಳ ಸಂತೆ;
ಅವರೆಕಾಯಿ, ಕರಿಬೇವು, ನಿಂಬೆಹಣ್ಣು, ಮನೆಯಲ್ಲಿ ಏನಿದೆಯೋ ಅದು.
ತಕ್ಕಡಿ ನಮ್ಮದು. ಚಿಲ್ಲರೆ ನಿಮ್ಮದು.
ಮೊಟ್ಟೆ ಬೇಡವೆಂದರೆ ಬಾಳೆಹಣ್ಣು, ಆದರೆ ತಿಳಿಸಬೇಕು.
ಓದಿ, ಸಹಿ ಮಾಡಿ, ನಾಳೆಯೇ ವಾಪಸು ಕಳಿಸಿ.

ಇಪ್ಪತ್ತಮೂರು ಸಲ ಶುಭ ಕೋರುವಷ್ಟರಲ್ಲಿ
ಕೈ ಸೋತು, ಅಕ್ಷರ ಒಂದರ ಮೇಲೊಂದು ಒರಗಿದವು.
ಐದನೇ ಕ್ಲಾಸಿನ ಆಫ್ರೀನ್ ಹಣಕಿ ಹೇಳಿದಳು:
"ಮಿಸ್, ಹನ್ನೆರಡನೇದರಲ್ಲಿ ವರ್ಷಕ್ಕೆ ಅರ್ಕಾವೊತ್ತು ಬಿಟ್ಟಿದ್ದೀರ."

ಮಾರನೇ ದಿನ ಬಂದವು ಹದಿನಾಲ್ಕು.
ಅರಿಶಿನ ಮೆತ್ತಿದ್ದು, ಸೊಪ್ಪಿನ ಹಸಿರು ಹತ್ತಿದ್ದು,
ದೋಣಿಯಾಗಿ ಮಡಚಿ ಮತ್ತೆ ಬಿಚ್ಚಿದ್ದು ಎರಡು.
ನೂಲು ಬಿಚ್ಚುವ ಬಾಬಾಜಾನರದು
ದಿನವಿಡೀ ಬಿಸಿನೀರಲ್ಲಿ ನೆನೆದ ಬೆರಳಿನ ಸಹಿ;
ಪಕ್ಕದಲ್ಲಿ ಉರ್ದುವಿನ ಒಂದು ಸಾಲು.
ಮಗಳೇ ಓದಿಕೊಟ್ಟಳು: "ಮೊಟ್ಟೆ ಬೇಕು. ಎರಡಾದರೂ ಸರಿ."
ಎರಡನೇ ಮಾತು ಅಪ್ಪನದೋ ಆಫ್ರೀನಳದೋ,
ನಾನು ಕೇಳಲಿಲ್ಲ.

ಕೆಲವರು ಚೀಟಿ ತಿರುವಿ ನೋಡಿದ್ದರು.
ಮೇ ತಿಂಗಳ ತುಂಡು ಹೋದ ಮನೆಯಲ್ಲಿ
ಒಂದು ಗುರುವಾರಕ್ಕೆ ಪೆನ್ಸಿಲಿನ ಸುತ್ತು. ಯಾಕೆಂದು ಬರೆದಿಲ್ಲ.
ಪಿಳ್ಳಪ್ಪನವರು ಆಗಸ್ಟಿನ ಅಂಚಿನಲ್ಲಿ
ಸೊಪ್ಪಿನ ಮೂಟೆಗಳ ಲೆಕ್ಕ ಕೂಡಿ
ಕೆಳಗೆ ನನ್ನನ್ನೇ ಕೇಳಿದ್ದರು: ಸರಿಯಾ ಮೇಡಂ?
ಸರಿ ಇರಲಿಲ್ಲ. ದಶಕ ಏರಿಸಲು ಮರೆತಿದ್ದರು,
ಮೂರನೇ ಕ್ಲಾಸಿನ ಅವರ ಮೊಮ್ಮಗನ ಹಾಗೆಯೇ.
ಕೆಂಪು ಮಸಿಯಲ್ಲಿ ತಿದ್ದಿ ಕಳಿಸಿದೆ.

ಮೋಕ್ಷಿತನ ಮನೆಯಿಂದ: "ನಾಕನೇ ಜ್ವರ ಎದ್ದವೆ. ಶನಿವಾರ ಆಗಲ್ಲ."
ಬಂದ ಹೊಸತರಲ್ಲಿ, ಹೊಳಲ್ಕೆರೆ ಕಡೆಯವಳು ನಾನು,
ಇಂಥದೇ ಒಂದು ಸಾಲು ಓದಿ
ಜ್ವರದ ಮಾತ್ರೆ ಹಿಡಿದು ಅವರ ಮನೆಗೇ ಹೋಗಿದ್ದೆ.
ಅವನ ಅಣ್ಣ ತಟ್ಟೆಗಳ ನಡುವೆ ಕೂತು ಸೊಪ್ಪು ಹರಡುತ್ತಿದ್ದ.
"ಜ್ವರ ನಂಗಲ್ಲ ಮಿಸ್, ಹುಳಕ್ಕೆ."
ಪೊರೆ ಕಳಚಿ ಎದ್ದ ಹುಳುಗಳು ಮೇಯುವ ಸದ್ದು
ಇಡೀ ಕ್ಲಾಸು ಒಟ್ಟಿಗೆ ಪುಟ ತಿರುವಿದಂತೆ.
ಆವತ್ತು ಆ ಮನೆಯವರು ನಕ್ಕಿದ್ದು ಇನ್ನೂ ನಿಂತಿಲ್ಲ.

ಕೊನೆಯ ಚೀಟಿ ಬಂದದ್ದು ಸಂತೆಯ ದಿನ.
ಒಂದನೇ ಕ್ಲಾಸಿನ ಗಂಗೋತ್ರಿ
ನಿಂಬೆಹಣ್ಣಿನ ಚೀಲದ ತಳ ತಡಕಿ ತೆಗೆದಳು.
ನನ್ನ ಬರಹದ ಕಡೆ ಏನೂ ಇಲ್ಲ.
ತಿರುವಿದರೆ, ಹದಿನೇಳರ ಮೇಲೆ ಹೆಬ್ಬೆಟ್ಟು.
"ಈ ಕಡೆ ಅಲ್ವಾ ಪುಟ್ಟಿ ಹಾಕೋದು?"
"ಅಮ್ಮಂಗೆ ಓದಕ್ಕೆ ಬರೋದು ಅದೊಂದೇ ಮಿಸ್.
ಹೋದ ಬೆಳೇಲಿ ಮಾರ್ಕೆಟ್ಟಲ್ಲಿ ನಮ್ಮ ಲಾಟು ನಂಬರು.
ರೇಟು ಬಂದಿತ್ತು."
ಹೇಳಿ, ಗುಡ್ಡೆ ಹಾಕಲು ಓಡಿದಳು,
ಐದರ ಗುಡ್ಡೆಯಲ್ಲಿ ಆರು ಇಡುತ್ತಾ.

ಓದಿ, ಸಹಿ ಮಾಡಿ ಎಂದು ಬರೆದವಳು ನಾನೇ.
ಅವಳು ಓದಿದ ಕಡೆ ಮಾಡಿದ್ದಾಳೆ.
ಫೈಲಿನಲ್ಲಿ ಅದನ್ನು ಹದಿನೇಳು ಮೇಲಾಗಿಯೇ ಅಂಟಿಸಿದೆ;
ತಪಾಸಣೆಗೆ ಬಂದವರು ತಿರುಗುಮುರುಗು ಎಂದರೆ ಎನ್ನಲಿ.

ಒಂದು ಗುಡ್ಡೆ ಕೊಂಡು ಇಪ್ಪತ್ತರ ನೋಟು ಕೊಟ್ಟೆ.
ಚಿಲ್ಲರೆ ಇಲ್ಲ ಎಂದಳು.
ಚಿಲ್ಲರೆ ನಿಮ್ಮದು:
ಅದನ್ನೂ ಬರೆದವಳು ನಾನೇ.