ಎರಡನೆಯ ಸುತ್ತು

ಬಿಳಿಯದು ಗೋಲಿ, ಕರಿಯದು ಚೌಕ.
ಕತ್ತಲಲ್ಲೂ ಬೆರಳಿಗೆ ಎಡವಟ್ಟಾಗಬಾರದೆಂದು
ಯಾರೋ ಹಿರಿಯರು ಮಾಡಿಟ್ಟ ಏರ್ಪಾಡು.
ಪೆಟ್ಟಿಗೆಯ ಬಾಯಿಗೆ ಮಖಮಲ್ಲಿನ ತೋಳು.
ಗ್ಲೌಸು ಬಿಚ್ಚಿ ಮಣಿಕಟ್ಟಿನವರೆಗೆ ಇಳಿಸಿದರೆ
ಆಮೇಲೆ ಕೈ ನನ್ನದಲ್ಲ, ಲಾಡ್ಜಿನದು.

ಬಾವುಟಗುಡ್ಡೆಯ ಇಳಿಜಾರಿನ ಆ ಹಂಚಿನ ಕಟ್ಟಡ
ರಿಕ್ಷಾದವರ ಬಾಯಲ್ಲಿ ಭೂತದ ಬಂಗ್ಲೆ.
ಭೂತವಿದ್ದಿದ್ದರೆ ವಾಸಿಯಿತ್ತು.
ನಮ್ಮೂರ ಭೂತ ಹೆಸರು ಹಿಡಿದು ಕರೆಯುತ್ತದೆ,
ಹತ್ತು ಸಮಸ್ತರ ಎದುರು ನಿಲ್ಲಿಸಿ ಕೇಳುತ್ತದೆ.
ಇಲ್ಲಿ ಕಪ್ಪು ಬಿಳಿ ಚೌಕಳಿಯ ನೆಲ,
ಬಾಗಿಲಾಚೆ ಕತ್ತಿ ಹಿಡಿದ ನಿವೃತ್ತ ಪೋಸ್ಟ್ ಮಾಸ್ಟರು,
ಒಳಗೆ ಯಾರೂ ಏನೂ ಕೇಳುವುದಿಲ್ಲ.

ನನ್ನನ್ನೂ ಒಮ್ಮೆ ಒಳತಂದರು,
ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗ, ಎಡಮೊಣಕಾಲು ಬರಿದು.
ಲೋಹ ಕೂಡದೆಂದು ಉಂಗುರ, ಚಿಲ್ಲರೆ,
ಬೆಲ್ಟಿನ ಬಕಲ್ಲು ಕೂಡ ತೆಗೆಸಿದರು.
ಹಳೆಯ ದೋಣಿಯ ಒಂದು ಮೊಳೆ ಮಾತ್ರ
ತಡಕಿದ ಕೈಗಳಿಗೆ ಸಿಗಲಿಲ್ಲ.

ಆಗ ನಾನು ಬಂದರಿನಲ್ಲಿ ವಿಮೆಯ ಸರ್ವೇಯರ್.
ಅಡಿಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿದ್ದೆ,
ಬೆಣ್ಣೆಗೆ ಚುಚ್ಚಿದ ಹಾಗೆ ಹೋಯಿತು.
ವರದಿಯಲ್ಲಿ ಬರೆದೆ: ಗಟ್ಟಿ.
ಅಳಿವೆಬಾಗಿಲಲ್ಲಿ ಅದು ಬಾಯಿ ಬಿಟ್ಟಾಗ
ಇಬ್ಬರು ಕಲಾಸಿಗಳು. ಒಬ್ಬ ದೂಮ.
ಇನ್ನೊಬ್ಬನ ಹೆಸರು
ಒಂದೊಂದು ಪೇಪರಿನಲ್ಲಿ ಒಂದೊಂದು ಥರ ಬಂತು.
ಅದಕ್ಕೂ ಮೊದಲು, ಸಾಹುಕಾರರು ಕೊಟ್ಟ ಲಕೋಟೆಯನ್ನು
ನನಗೆ ಮುಟ್ಟಿಸಿದವ ಐಸ್ ಪ್ಲಾಂಟಿನ ಹುಡುಗ.
ಅವನ ಬೆರಳು ತಣ್ಣಗೆ, ಲಕೋಟೆಯ ಮೂಲೆ ಒದ್ದೆ.
ಅಂಟು ಬಿಚ್ಚಿತ್ತೋ ಇಲ್ಲವೋ
ನಾನು ಆಗ ನೋಡಲಿಲ್ಲ.

ಆ ಹುಡುಗನದೇ ಅರ್ಜಿ ಈಗ. ಭುಜಂಗ ಕರ್ಕೇರ,
ಎರಡು ಐಸ್ ಪ್ಲಾಂಟಿನ ಧನಿ.
ವಿಚಾರಿಸಿ ಬರಲು ಹೊಯಿಗೆ ಬಜಾರಿಗೆ ಮೂವರು ಹೋದೆವು.
ಅವನ ಹೆಂಡತಿ ಪುನರ್ಪುಳಿ ಶರಬತ್ತು ಕೊಟ್ಟಳು.
'ದೇವರನ್ನು ನಂಬುತ್ತೀರಾ?'
'ಕಡಲಿಗೆ ಇಳಿಯುವ ಜನ ಸಾರ್, ನಂಬದೆ?'
'ನಮ್ಮಲ್ಲಿಗೆ ಬರಬೇಕೆಂದು ಯಾಕನಿಸಿತು?'
ಲೋಟದ ಮೇಲಿಂದ ನನ್ನತ್ತ ನೋಡಿದ.
'ಇವರನ್ನು ನೋಡಿ.'

ಯೋಗ್ಯ, ಎಂದು ಬರೆದುಕೊಟ್ಟೆ.
ಈ ಸಲದ ವರದಿ ನಿಜವೇ ಇತ್ತು.

ಶನಿವಾರ ಪೆಟ್ಟಿಗೆ ಒಂದು ಸುತ್ತು ಬಂತು.
ಮಾಸ್ಟರು ಬಗ್ಗಿ ನೋಡಿದರು,
ಕನ್ನಡಕ ಒರೆಸಿ ಮತ್ತೆ ನೋಡಿದರು.
'ಒಂದು ಚೌಕ. ಯಾರದೋ ಕೈತಪ್ಪಿರಬೇಕು.
ಪದ್ಧತಿಯಂತೆ ಇನ್ನೊಂದು ಸುತ್ತು.'

ಪಶ್ಚಾತ್ತಾಪಕ್ಕೆ ಇಷ್ಟು ಸಸಾರದ ಬಾಗಿಲು
ಯಾವ ಮಠ, ಯಾವ ಇಗರ್ಜಿ ತೆರೆದೀತು?
ಹೆಸರು ಹೇಳಬೇಕಿಲ್ಲ, ಮೊಣಕಾಲೂರಬೇಕಿಲ್ಲ,
ದುಂಡಗಿನದೊಂದನ್ನು ಎತ್ತಿ ಬಿಟ್ಟರಾಯಿತು.
ಗೋಲಿಗಳು ಕೈಗೆ ಸಿಕ್ಕವು, ಜಾರಿದವು.
ಮೂಲೆಮಟ್ಟ ನಮ್ಮಲ್ಲಿ ನೇರ ನಡತೆಯ ಗುರುತು.
ಆ ಕರಿಯ ಚೌಕದಷ್ಟು ನೆಟ್ಟಗಿದ್ದದ್ದು
ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ.

ಊಟಕ್ಕೆ ಕೋಳಿ ಸುಕ್ಕ. ಒಂಬತ್ತು ಹೊಡೆದಾಗ
ಗೈರುಹಾಜರಾದ ಸಹೋದರರಿಗೆಂದು ಲೋಟ ಎತ್ತಿದೆವು.
ನಾನು ಎರಡು ಸಲ ಎತ್ತಿದ್ದನ್ನು ಕಂಡು
ಪಕ್ಕದ ಡಾಕ್ಟರು ನಕ್ಕರು.

ವಿಷಯ ಮುಟ್ಟಿ ಎರಡನೇ ದಿನ ಅವನ ಫೋನು.
ಹಿಂದೆ ಐಸು ಪುಡಿಮಾಡುವ ಯಂತ್ರದ ಸದ್ದು.
'ಪರವಾಗಿಲ್ಲ ಸಾರ್. ನಿಮ್ಮ ಕೈ
ಬಿಳಿಯದನ್ನೇ ಹಾಕಿರ್ತದೆ, ಗೊತ್ತುಂಟು.'
ಗೊತ್ತುಂಟು.
ಅಂದಿನಿಂದ ಆ ಮಾತಿಗೆ ಸ್ಕ್ರೂಡ್ರೈವರ್ ಚುಚ್ಚುತ್ತಿದ್ದೇನೆ,
ಒಮ್ಮೆ ಗಟ್ಟಿ, ಒಮ್ಮೆ ಬೆಣ್ಣೆ.

'ಒಳ್ಳೆ ಅಂಜಲ್ ಬಂದಿದೆ ಸಾರ್,' ಎಂದಿದ್ದ,
'ಹುಡುಗನ ಕೈಲಿ ಒಂದು ಕಳಿಸ್ತೇನೆ.'
ಬೇಡ ಎನ್ನುವಷ್ಟರಲ್ಲಿ ಇಟ್ಟುಬಿಟ್ಟ.
ಹತ್ತೂವರೆಗೆ ಗೇಟಿನ ಸದ್ದಾಯಿತು.